ದಾರಿಯ ಬಿಡುವೂ ಹಗಲುಗನಸೂ

ಬರೆಯುವ ಆಸೆಯೇನೋ ಉಂಟು, ಹೊತ್ತು ಮಾತ್ರ ಇಲ್ಲ ಎಂಬ ಮಾತು ತರುಣ ಲೇಖಕರಿಂದ ಪದೇ ಪದೇ ಕೇಳಿಬರುತ್ತದೆ. ಹೀಗೆ ಹೇಳುವವರು ಸೋಮಾರಿಗಳಲ್ಲ. ಒಬ್ಬರು ಶಾಲೆಯ ಉಪಾಧ್ಯಾಯರು, ಇನ್ನೊಬ್ಬರು ಕಚೇರಿಯ ಗುಮಾಸ್ತರು, ಮತ್ತೊಬ್ಬರು ಊರೂರು ತಿರುಗಿ ಲೆಕ್ಕಪತ್ರ ನೋಡುವವರು. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕೆಲಸ ಎಂಬಂತಹ ಬಾಳುವೆ ಅವರದು. ಪ್ರತಿದಿನವೂ ಒಂದೆರಡು ಗಂಟೆ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಕಳೆದುಹೋಗುತ್ತದೆ. ಆ ಗಂಟೆಗಳನ್ನು ಅವರು ಆಯುಷ್ಯದ ನಷ್ಟದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಇವರಿಗೆ ಎದುರಾಗಿ ಇನ್ನೊಂದು ಪಂಗಡವುಂಟು. ಪ್ರಯಾಣವೆಂದರೆ ಸ್ಫೂರ್ತಿಯ ಗಣಿ, ಕಿಟಕಿಯ ಬಳಿ ಕುಳಿತರೆ ಸಾಕು, ಓಡುವ ಗುಡ್ಡ, ಹೊಲ, ತೊರೆಗಳೇ ಕವಿತೆಯಾಗಿ ಒಳಗೆ ಬರುತ್ತವೆ ಎಂಬುದು ಆ ಪಂಗಡದವರ ನಂಬಿಕೆ. ಮೊದಲನೆಯವರು ದಾರಿಯಿಂದ ಏನೂ ಸಿಕ್ಕದೆಂದು ಕೈಚೆಲ್ಲುತ್ತಾರೆ, ಎರಡನೆಯವರು ಎಲ್ಲವೂ ಸಿಕ್ಕುವುದೆಂದು ಕೈಯೊಡ್ಡುತ್ತಾರೆ. ಇವೆರಡರಲ್ಲಿ ಯಾವುದೂ ಪೂರ್ತಿ ನಿಜವಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ, ಕನ್ನಡದಲ್ಲಿ ಹೆಚ್ಚಾಗಿ ಚರ್ಚೆಗೆ ಬಾರದ ಒಬ್ಬ ಆಂಗ್ಲ ಕಾದಂಬರಿಕಾರನ ಆತ್ಮಕಥೆಯನ್ನು ತೆರೆದು ನೋಡುವುದು ಲೇಸು.

ಆಂಥೊನಿ ಟ್ರಾಲಪ್ (1815–1882) ವೃತ್ತಿಯಿಂದ ಲೇಖಕನಲ್ಲ, ಅಂಚೆ ಇಲಾಖೆಯ ನೌಕರ. 1834ರಲ್ಲಿ ಲಂಡನ್ನಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು 1867ರವರೆಗೆ ಆ ನೌಕರಿಯನ್ನು ಬಿಡಲಿಲ್ಲ. ಐರ್ಲೆಂಡಿನಲ್ಲಿ, ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲಿ, ಕೊನೆಗೆ ಕಡಲಾಚೆಯ ದೇಶಗಳಲ್ಲಿ ಅಂಚೆಯ ದಾರಿಗಳನ್ನು ಗೊತ್ತುಮಾಡುತ್ತ ತಿರುಗುವುದೇ ಅವನ ಕೆಲಸವಾಗಿತ್ತು. ಆ ತಿರುಗಾಟದ ನಡುವೆಯೇ ಅವನು ಹಲವಾರು ಕಾದಂಬರಿಗಳನ್ನು ಬರೆದನು. ಒಟ್ಟು ಬಾಳಿನಲ್ಲಿ ಅವನು ರಚಿಸಿದ ಕಾದಂಬರಿಗಳು 47. ಅವನ ಆತ್ಮಕಥೆ ಹೊರಬಂದುದು ಅವನು ತೀರಿಕೊಂಡ ಮರುವರ್ಷ, 1883ರಲ್ಲಿ. ಅದನ್ನು ಓದಿದ ಅಂದಿನ ರಸಿಕರು ಮುಖ ಸಿಂಡರಿಸಿದರು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದೆನೆಂದೂ, ದಿನದಿನದ ಪುಟಗಳನ್ನು ಒಂದು ದಿನಚರಿಯಲ್ಲಿ ಜಮಾ ಹಿಡಿಯುತ್ತಿದ್ದೆನೆಂದೂ ಅವನು ಯಾವ ಸಂಕೋಚವೂ ಇಲ್ಲದೆ ಹೇಳಿಬಿಟ್ಟಿದ್ದನು. ಸರಸ್ವತಿಯ ಗುಡಿಯಲ್ಲಿ ಕಿರುಕುಳ ವ್ಯಾಪಾರಿಯ ಖಾತೆಪುಸ್ತಕ ಸಿಕ್ಕಿದಂತಾಯಿತು. ಅವನ ಕೀರ್ತಿ ಬಹುಕಾಲ ಕುಗ್ಗಿದುದಕ್ಕೆ ಈ ಪ್ರಾಮಾಣಿಕತೆಯೂ ಒಂದು ಕಾರಣವೆಂದು ವಿಮರ್ಶಕರು ಹೇಳುತ್ತ ಬಂದಿದ್ದಾರೆ.

ಪ್ರಯಾಣದ ವಿಷಯದಲ್ಲಿ ಅವನು ಹೇಳುವ ಸಂಗತಿ ಹೀಗಿದೆ. ಹಗಲಿನ ಬಹುಪಾಲು ರೈಲುಗಾಡಿಯಲ್ಲಿ ಕಳೆಯುತ್ತಿತ್ತು. ಮೊದಮೊದಲು ಇತರರಂತೆ ಅವನೂ ಪುಸ್ತಕ ಓದುತ್ತಿದ್ದನು. ಬರವಣಿಗೆಯಿಂದ ಜೀವನ ಸಾಗಿಸಬೇಕೆಂದಿದ್ದರೆ ಈ ಹೊತ್ತನ್ನು ಇದಕ್ಕಿಂತ ಚೆನ್ನಾಗಿ ಬಳಸಬೇಕೆಂದು ತೋರಿ, ತೊಡೆಯ ಮೇಲಿಟ್ಟುಕೊಳ್ಳುವಂತಹ ಒಂದು ಚಿಕ್ಕ ಹಲಗೆಯನ್ನು ಮಾಡಿಕೊಂಡನು. ಕೆಲವು ದಿನಗಳ ರೂಢಿಯಾದ ಮೇಲೆ ಮನೆಯ ಮೇಜಿನ ಮುಂದೆ ಬರೆದಷ್ಟೇ ವೇಗವಾಗಿ ಗಾಡಿಯಲ್ಲಿಯೂ ಬರೆಯಬಲ್ಲವನಾದನು. ಬರೆದುದು ಸೀಸದ ಕಡ್ಡಿಯಿಂದ. ಅದನ್ನು ಆಮೇಲೆ ಹೆಂಡತಿ ಶಾಯಿಯಲ್ಲಿ ಪ್ರತಿ ಮಾಡಿಕೊಡುತ್ತಿದ್ದಳು. (ಸಾಹಿತ್ಯಚರಿತ್ರೆಗಳಲ್ಲಿ ಈ ಪ್ರತಿ ಮಾಡಿದ ಕೈಗಳ ಲೆಕ್ಕ ಬಹಳ ಕಡಿಮೆ.) 1857ರಲ್ಲಿ ಪ್ರಕಟವಾದ ‘ಬಾರ್ಚೆಸ್ಟರ್ ಟವರ್ಸ್’ ಎಂಬ ಕಾದಂಬರಿಯ ಹೆಚ್ಚಿನ ಭಾಗ ಹುಟ್ಟಿದುದು ಹೀಗೆ. ಅವನಿಗಿದ್ದ ತೊಂದರೆ ಒಂದೇ: ಜತೆಯ ನಾಲ್ಕೈದು ಪ್ರಯಾಣಿಕರ ಎದುರಿಗೆ ಬರೆಯುತ್ತ ಕುಳಿತರೆ ಸಾಹಿತಿಯೆಂದು ಮೆರೆದಂತೆ ಕಾಣುವುದಲ್ಲ ಎಂಬ ನಾಚಿಕೆ. ಅದೂ ಕಾಲಕ್ರಮದಲ್ಲಿ ಸವೆದುಹೋಯಿತು.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದವರಿಗೆ ಟ್ರಾಲಪನು ಒಂದು ಯಂತ್ರವಾಗಿ ಕಾಣುವುದು ಸಹಜ. ಹಲಗೆ, ಕಡ್ಡಿ, ಗಡಿಯಾರ ಇವು ಮೂರಿದ್ದರೆ ಕಾದಂಬರಿಯಾಗುವುದಾದರೆ ಅಂಚೆ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಕಾದಂಬರಿಕಾರನಾಗಬೇಕಾಗಿತ್ತು. ಅಂದಿನ ಓದುಗರು ಗಡಿಯಾರದ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಂಡು, ಅದಕ್ಕಿಂತ ಬಹಳ ಹಿಂದೆ ಬರುವ ಬಾಲ್ಯದ ಪ್ರಸಂಗವೊಂದನ್ನು ಮರೆತರು. ಪುಸ್ತಕದ ಜೀವ ಇರುವುದು ಅಲ್ಲಿ.

ಬಡತನಕ್ಕೆ ಇಳಿದ ಮನೆಯ ಹುಡುಗ. ಶ್ರೀಮಂತರ ಮಕ್ಕಳು ಓದುವ ಶಾಲೆಗೆ ಕೆಸರಿನ ದಾರಿಯಲ್ಲಿ ದಿನವೂ ಮೈಲಿಗಟ್ಟಲೆ ನಡೆದುಬರುವವನು, ಮಾಸಿದ ಬಟ್ಟೆಯವನು. ಆಟದಲ್ಲಿ ಅವನನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೀಗಿರಲು ತನ್ನೊಳಗೆ ತಾನೇ ಆಡಿಕೊಳ್ಳುವ ಒಂದು ಆಟವನ್ನು ಅವನು ಕಟ್ಟಿಕೊಂಡನು. ಎಲ್ಲಿ ಹೋದರೂ ಮನಸ್ಸಿನಲ್ಲಿ ಒಂದು ಗಾಳಿಗೋಪುರವನ್ನು ಹೊತ್ತುಕೊಂಡೇ ಹೋಗುವನು. ಆದರೆ ದಿನಕ್ಕೊಂದು ಗೋಪುರವಲ್ಲ. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದಿಂದ ವರ್ಷಕ್ಕೆ ಮುಂದುವರಿಸುವನು. ಅದಕ್ಕೆ ತಾನೇ ಕಟ್ಟಳೆಗಳನ್ನು ಹಾಕಿಕೊಂಡಿದ್ದನು: ಆಗಲಾರದುದು ಬರಬಾರದು, ತೀರ ನಂಬಲಾಗದುದೂ ಬರಬಾರದು. ಕಥೆಯ ನಾಯಕ ತಾನೇ, ಅದು ತಪ್ಪದು. ಆದರೆ ತಾನು ಅರಸನೂ ಆಗುವಂತಿಲ್ಲ, ಪ್ರಭುವೂ ಆಗುವಂತಿಲ್ಲ, ಆರಡಿ ಎತ್ತರದ ಸುಂದರಾಂಗನೂ ಅಲ್ಲ, ಮಹಾಪಂಡಿತನೂ ಅಲ್ಲ. ಜಾಣನಾಗಿರಬಹುದು, ಚೆಲುವೆಯರು ಮೆಚ್ಚಬಹುದು, ಅಷ್ಟೇ. ಇಷ್ಟು ಹೇಳಿ ಟ್ರಾಲಪನು ಎರಡು ಮಾತು ಸೇರಿಸುತ್ತಾನೆ. ಮನಸ್ಸಿಗೆ ಇದಕ್ಕಿಂತ ಅಪಾಯಕರವಾದ ಚಟ ಇನ್ನೊಂದಿಲ್ಲವೆಂದು ತೋರಿದರೂ, ಇದು ಇಲ್ಲದಿದ್ದರೆ ತಾನು ಒಂದಾದರೂ ಕಾದಂಬರಿಯನ್ನು ಬರೆಯುತ್ತಿದ್ದೆನೋ ಇಲ್ಲವೋ ಎಂಬುದು ಒಂದು. ದೊಡ್ಡವನಾದ ಮೇಲೂ ತಾನು ಮಾಡಿದುದು ಇದನ್ನೇ, ಆದರೆ ಹಳೆಯ ಕನಸಿನ ನಾಯಕನನ್ನು ಹೊರಗೆ ಕಳುಹಿಸಿ ತನ್ನತನವನ್ನು ಬದಿಗಿಡಲು ಕಲಿತೆನೆಂಬುದು ಇನ್ನೊಂದು.

ಹಗಲುಗನಸಿನ ವಿಷಯದಲ್ಲಿ ಕಾದಂಬರಿಕಾರನೊಬ್ಬನು ಇಷ್ಟು ಸರಳವಾಗಿ ಇಷ್ಟು ಹೆಚ್ಚಿನದನ್ನು ಹೇಳಿರುವುದು ಅಪರೂಪ. ಕನಸಿಗೆ ಕಟ್ಟಳೆ ಬೇಕು, ಮತ್ತು ಕನಸಿನಿಂದ ಕನಸುಗಾರನು ಹೊರಗೆ ಹೋಗಬೇಕು. ಈ ಎರಡರಲ್ಲಿ ಎರಡನೆಯದೇ ಕಷ್ಟ. ಪಂಚತಂತ್ರದಲ್ಲಿ ಹಿಟ್ಟಿನ ಮಡಕೆಯನ್ನು ಗೂಟಕ್ಕೆ ತೂಗುಹಾಕಿ ಅದರ ಕೆಳಗೆ ಮಲಗಿದ ಬ್ರಾಹ್ಮಣನ ಕಥೆ ಎಲ್ಲರಿಗೂ ಗೊತ್ತಿದೆ. ಅವನನ್ನು ಅವಿವೇಕಿಯೆಂದು ಮಕ್ಕಳಿಗೆ ಹೇಳಿಕೊಡುವುದು ವಾಡಿಕೆ. ಕಥೆಯನ್ನು ಎಚ್ಚರದಿಂದ ಓದಿದರೆ ಅವನ ಲೆಕ್ಕದಲ್ಲಿ ಅಂತಹ ತಪ್ಪೇನೂ ಕಾಣುವುದಿಲ್ಲ. ಹಿಟ್ಟನ್ನು ಮಾರಿ ಆಡು, ಆಡಿನಿಂದ ಹಸು, ಹಸುವಿನಿಂದ ಎಮ್ಮೆ, ಕುದುರೆ, ಮನೆ, ಮದುವೆ, ಮಗ: ಮೆಟ್ಟಿಲು ಮೆಟ್ಟಿಲಾಗಿ ಏರುವ ಕನಸು ಅದು. ಟ್ರಾಲಪನ ಮೊದಲನೆಯ ಕಟ್ಟಳೆಯನ್ನು ಅವನು ಮುರಿದಿಲ್ಲ. ಆದರೆ ಕನಸಿನೊಳಗೆ ತಾನೇ ಯಜಮಾನನಾಗಿ ಕುಳಿತಿದ್ದನು, ಹೆಂಡತಿಯನ್ನು ಒದೆಯುವ ಕಾಲು ತನ್ನದೇ ಆಗಿತ್ತು. ಆದುದರಿಂದ ಮಡಕೆ ಒಡೆಯಿತು. ಆ ಬ್ರಾಹ್ಮಣನು ತನ್ನನ್ನು ಬಿಟ್ಟು ನೆರೆಮನೆಯವನೊಬ್ಬನ ಬಾಳನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದರೆ ಮಡಕೆಯೂ ಉಳಿಯುತ್ತಿತ್ತು, ಒಂದು ಕಥೆಯೂ ಹುಟ್ಟುತ್ತಿತ್ತು.

ಇದೇ ಮಾತಿಗೆ ಬಹು ಎತ್ತರದ ನಿದರ್ಶನ ಬೇಕೆಂದರೆ ಮೇಘದೂತವಿದೆ. 1943ರಲ್ಲಿ ಬೇಂದ್ರೆಯವರ ‘ಕನ್ನಡ ಮೇಘದೂತ’ ಬಂದ ಮೇಲೆ ಅದು ಕನ್ನಡಿಗರ ಮನೆಯ ಕಾವ್ಯವೂ ಆಗಿದೆ. ಅದರಲ್ಲಿ ಯಕ್ಷನು ಒಂದು ಹೆಜ್ಜೆಯೂ ಪ್ರಯಾಣ ಮಾಡುವುದಿಲ್ಲ. ರಾಮಗಿರಿಯಲ್ಲಿ ಕುಳಿತು ಅಲಕೆಯವರೆಗಿನ ದಾರಿಯನ್ನು ಕನಸುತ್ತಾನೆ. ವಿರಹಿಯ ಕನಸಲ್ಲವೆ, ಒಂದೇ ನೆಗೆತಕ್ಕೆ ಮನೆಯ ಬಾಗಿಲಿಗೆ ಹೋಗಬಹುದಾಗಿತ್ತು. ಹಾಗೆ ಹೋಗುವುದಿಲ್ಲ. ರೇವಾನದಿ, ವಿದಿಶೆ, ಉಜ್ಜಯಿನಿ, ಕುರುಕ್ಷೇತ್ರ, ಕನಖಲ, ಕೈಲಾಸ ಎಂದು ಊರಿಗೆ ಊರು, ಹೊಳೆಗೆ ಹೊಳೆ ಕ್ರಮದಲ್ಲಿ ಬರುತ್ತದೆ. ಉಜ್ಜಯಿನಿಗಾಗಿ ಸ್ವಲ್ಪ ದಾರಿ ಸುತ್ತಿದರೆ ಅದನ್ನೂ ಸುತ್ತೆಂದೇ ಒಪ್ಪಿಕೊಳ್ಳಲಾಗುತ್ತದೆ. ಕನಸಿಗೆ ಭೂಪಟದ ಕಟ್ಟಳೆ. ಮೇಲಾಗಿ ಆ ದಾರಿಯಲ್ಲಿ ನಡೆಯುವವನು ಯಕ್ಷನಲ್ಲ, ಮೋಡ. ತನ್ನ ಹಂಬಲವನ್ನೆಲ್ಲ ಇನ್ನೊಂದರ ಕೈಗೆ ಕೊಟ್ಟು ತಾನು ಬೆಟ್ಟದ ಮೇಲೆಯೇ ಉಳಿದಿದ್ದಾನೆ. ಕಾಳಿದಾಸನ ಪಕ್ಕದಲ್ಲಿ ಅಂಚೆಯ ಅಧಿಕಾರಿಯನ್ನು ನಿಲ್ಲಿಸುವುದು ಹಲವರಿಗೆ ಹಿಡಿಸಲಿಕ್ಕಿಲ್ಲ. ಆದರೆ ಕನಸಿನ ಶಿಸ್ತು ಎಂಬ ಒಂದೇ ವಿಷಯದಲ್ಲಿ ಅವರ ಹಾದಿ ಒಂದೇ. ಬಾರ್ಸೆಟ್‌ಶೈರ್ ಎಂಬ ಇಲ್ಲದ ಜಿಲ್ಲೆಯೊಂದನ್ನು ಕಲ್ಪಿಸಿಕೊಂಡು ಆರು ಕಾದಂಬರಿಗಳನ್ನು ಬರೆದ ಟ್ರಾಲಪನಿಗೆ ಅದರ ರಸ್ತೆಗಳು, ರೈಲುದಾರಿಗಳು, ಊರುಗಳು, ಬೇಟೆಯ ತಂಡಗಳು, ಅಲ್ಲಿಂದ ಪಾರ್ಲಿಮೆಂಟಿಗೆ ಹೋಗುವ ಸದಸ್ಯರು ಎಲ್ಲರೂ ಗೊತ್ತಿದ್ದರು. ಆ ಸರಣಿಯ ನಾಲ್ಕನೆಯ ಕಾದಂಬರಿಯ ಹೊತ್ತಿಗೆ ಅದರ ನಕ್ಷೆಯನ್ನೂ ಬರೆದುಕೊಂಡನು.

ಇಂತಹ ಕನಸಿಗೆ ಪ್ರಯಾಣದ ಹೊತ್ತೇ ಏಕೆ ಒಗ್ಗಬೇಕು? ಮನೆಯಲ್ಲಿ ಸುಮ್ಮನೆ ಕುಳಿತವನನ್ನು ಯಾರಾದರೂ ಎಬ್ಬಿಸುತ್ತಾರೆ, ಇಲ್ಲವೆ ಅವನ ಮನಸ್ಸೇ ಅವನನ್ನು ಜರೆಯುತ್ತದೆ. ಕೆಲಸವಿಲ್ಲದೆ ಕುಳಿತಿದ್ದೇನೆಂಬ ಅಳುಕಿನಲ್ಲಿ ಕನಸು ನೆಲೆಗೊಳ್ಳುವುದಿಲ್ಲ. ಗಾಡಿಯಲ್ಲಿ ಕುಳಿತವನಿಗೆ ಆ ಅಳುಕಿಲ್ಲ, ಏಕೆಂದರೆ ಹೋಗುವುದೇ ಅವನ ಕೆಲಸ, ಅದನ್ನು ಗಾಡಿ ಮಾಡುತ್ತಿದೆ. ಹೊತ್ತಿಗೆ ಒಂದು ಕೊನೆಯೂ ಗೊತ್ತಾಗಿರುತ್ತದೆ. ಎಲ್ಲಕ್ಕಿಂತ ಮಿಗಿಲಾದುದೆಂದರೆ ದಿನವೂ ಹೋಗುವವನಿಗೆ ಅದೇ ಹೊತ್ತು ನಾಳೆಯೂ ಬರುತ್ತದೆ. ನಿನ್ನೆ ಬಿಟ್ಟ ಕಡೆಯಿಂದ ಕಥೆಯನ್ನು ಎತ್ತಿಕೊಳ್ಳಲು, ಟ್ರಾಲಪನು ಹುಡುಗತನದಲ್ಲಿ ಮಾಡಿದಂತೆ ಒಂದೇ ಗೋಪುರಕ್ಕೆ ಕಲ್ಲು ಸೇರಿಸುತ್ತ ಹೋಗಲು, ಇದಕ್ಕಿಂತ ಅನುಕೂಲವಾದ ಏರ್ಪಾಡು ಸಿಕ್ಕುವುದು ಕಷ್ಟ. ದೂರದೇಶದ ದೊಡ್ಡ ಯಾತ್ರೆಗಿಂತ ನಿತ್ಯದ ಚಿಕ್ಕ ಪ್ರಯಾಣವೇ ಈ ದೃಷ್ಟಿಯಿಂದ ಹೆಚ್ಚು ಫಲದಾಯಕವಾಗಬಹುದು. ಇದು ಆಸನ ದೊರೆತವನ ಮಾತು ಎಂಬುದನ್ನೂ ಒಪ್ಪಬೇಕು. ಹಿಡಿಕೆಗೆ ಜೋತುಬಿದ್ದು ನಿಂತ ಉಪಾಧ್ಯಾಯಿನಿಗೆ, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡ ತಾಯಿಗೆ, ತಾನೇ ಮೋಟಾರು ನಡೆಸುವವನಿಗೆ ಈ ಬಿಡುವಿಲ್ಲ. ಮೋಟಾರು ನಡೆಸುವವನು ಕನಸದಿರುವುದೇ ಕ್ಷೇಮ.

ಇನ್ನು ಆ ಹೊತ್ತಿನಲ್ಲಿ ಬರೆಯಬೇಕೋ, ಸುಮ್ಮನೆ ಕನಸಬೇಕೋ ಎಂಬ ಪ್ರಶ್ನೆ. ವರ್ಡ್ಸ್‌ವರ್ತ್ ಕವಿಯು 1798ರ ಜುಲೈ ತಿಂಗಳಲ್ಲಿ ತಂಗಿಯೊಡನೆ ವೈ ನದಿಯ ದಂಡೆಯಲ್ಲಿ ನಾಲ್ಕೈದು ದಿನ ಅಲೆದಾಡಿ, ಟಿಂಟರ್ನ್ ಬಿಟ್ಟು ಹೊರಟಾಗ ಕಟ್ಟಲು ತೊಡಗಿದ ದೀರ್ಘ ಕವಿತೆಯನ್ನು ಸಂಜೆ ಬ್ರಿಸ್ಟಲ್ ನಗರವನ್ನು ಹೊಗುವಾಗ ಮುಗಿಸಿದನಂತೆ. ಅಲ್ಲಿಯವರೆಗೆ ಒಂದು ಸಾಲನ್ನೂ ಕಾಗದದ ಮೇಲೆ ಇಳಿಸಿರಲಿಲ್ಲ, ಆಮೇಲೆ ಒಂದು ಸಾಲನ್ನೂ ತಿದ್ದಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಇನ್ನೂರು ವರ್ಷಗಳ ಈಚೆಗೆ, 1990ರಲ್ಲಿ, ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ಹೊರಟಿದ್ದ ಜೆ. ಕೆ. ರೌಲಿಂಗ್ ಎಂಬ ತರುಣಿ ತಡವಾದ ರೈಲಿನಲ್ಲಿ ಕುಳಿತಿರುವಾಗ ಮಾಂತ್ರಿಕ ಹುಡುಗನೊಬ್ಬನ ಕಥೆ ತಲೆಗೆ ಬಂದಿತು. ಅವಳ ಬಳಿ ಬರೆಯುವ ಲೇಖನಿಯಿರಲಿಲ್ಲ. ಪಕ್ಕದವರನ್ನು ಕೇಳಲು ನಾಚಿಕೆ. ನಾಲ್ಕು ಗಂಟೆ ಸುಮ್ಮನೆ ಕುಳಿತು ಯೋಚಿಸಿದಳು, ಬರೆಯತೊಡಗಿದುದು ಅಂದಿನ ಸಂಜೆ. ಪುಸ್ತಕ ಹೊರಬರಲು 1997 ಆಗಬೇಕಾಯಿತು. ಲೇಖನಿ ಇಲ್ಲದಿದ್ದುದು ಒಳ್ಳೆಯದೇ ಆಯಿತೇನೋ ಎಂದು ಆಮೇಲೆ ಅವರೇ ಹೇಳಿದ್ದಾರೆ. ಬರೆಯಲು ನಾಚಿದವನು ಟ್ರಾಲಪನು, ಲೇಖನಿ ಕೇಳಲು ನಾಚಿದವರು ರೌಲಿಂಗ್. ನಾಚಿಕೆಯನ್ನು ಗೆದ್ದು ಒಬ್ಬನು ಪುಟಗಳನ್ನು ಪಡೆದನು, ನಾಚಿಕೆಗೆ ಸೋತು ಇನ್ನೊಬ್ಬರು ಒಂದು ಲೋಕವನ್ನೇ ಪಡೆದರು.

ಹಾಗೆಂದು ಟ್ರಾಲಪನ ಹಲಗೆಯನ್ನು ಹಳಿಯುವುದು ಸರಿಯಾಗದು. ಗಾಡಿಯಲ್ಲಿ ಹಲಗೆ ಹಿಡಿದಾಗ ಅವನು ಬರೆದುದು ಹೊಸದಾಗಿ ಕಂಡ ಕನಸನ್ನಲ್ಲ. ಕೆಲವು ವರ್ಷಗಳ ಹಿಂದೆ ಅಂಚೆಯ ಕೆಲಸದ ಮೇಲೆ ಹೋಗಿದ್ದಾಗ ಸಾಲ್ಸ್‌ಬರಿ ಊರಿನ ದೊಡ್ಡ ಇಗರ್ಜಿಯ ಸುತ್ತ ಬೇಸಗೆಯ ಸಂಜೆಯೊಂದರಲ್ಲಿ ಅಲೆದಾಡುತ್ತಿರುವಾಗ ‘ದಿ ವಾರ್ಡನ್’ ಕಾದಂಬರಿಯ ಕಥೆ ಅವನಿಗೆ ಹೊಳೆದಿತ್ತು. ಆಮೇಲೆ ಕುದುರೆಯ ಮೇಲೆ ಹಳ್ಳಿಹಳ್ಳಿಯನ್ನು ಸುತ್ತಿದ ದಿನಗಳು ಬಂದವು. ಕುದುರೆಯ ಮೇಲೆ ಯಾರೂ ಹಲಗೆ ಇಟ್ಟುಕೊಂಡು ಬರೆಯಲಾರರು. ‘ದಿ ವಾರ್ಡನ್’ 1855ರಲ್ಲಿ ಬಂದಿತು, ‘ಬಾರ್ಚೆಸ್ಟರ್ ಟವರ್ಸ್’ ಅದೇ ಊರಿನ, ಅದೇ ಜನರ ಮುಂದಿನ ಕಥೆ. ರೈಲುಗಾಡಿಯಲ್ಲಿ ಅವನ ಕೈ ಅಷ್ಟು ಸರಾಗವಾಗಿ ಓಡಿದುದು ಮನಸ್ಸು ಆ ಊರಿನ ಬೀದಿಗಳಲ್ಲಿ ಆಗಲೇ ವರ್ಷಗಟ್ಟಲೆ ತಿರುಗಿದ್ದುದರಿಂದ.

ಇದು ಬರಿಯ ಊಹೆಯಲ್ಲವೆಂದು ತೋರಿಸುವ ಸಂಗತಿಯೊಂದು ಅವನ ಬಾಳಿನಲ್ಲಿಯೇ ಇದೆ. 1858ರಲ್ಲಿ ಅಂಚೆಯ ಒಡಂಬಡಿಕೆಯೊಂದಕ್ಕಾಗಿ ಅವನನ್ನು ಈಜಿಪ್ಟಿಗೆ ಕಳುಹಿಸಿದರು. ಆಗ ‘ಡಾಕ್ಟರ್ ಥಾರ್ನ್’ ಕಾದಂಬರಿ ಅರ್ಧದಲ್ಲಿತ್ತು. ಫೆಬ್ರುವರಿ ತಿಂಗಳ ಕಡಲು, ಬಿರುಗಾಳಿ. ಮೇಜಿನ ಮೇಲೆ ಕಾಗದವನ್ನು ಬಿಟ್ಟು ತನ್ನ ಕೋಣೆಗೆ ಓಡಿಹೋಗಿ ವಾಂತಿ ಮಾಡಿಕೊಂಡು ಮತ್ತೆ ಬಂದು ಅಂದಿನ ಪುಟಗಳನ್ನು ತುಂಬಿಸಿದನು. ಆ ಕಾದಂಬರಿಯನ್ನು ಓದಿದವರಿಗೆ ಅದರಲ್ಲಿ ಕಡಲಿನ ಒಂದು ಹನಿಯೂ ಸಿಕ್ಕುವುದಿಲ್ಲ. ಇರುವುದು ಬಾರ್ಸೆಟ್‌ಶೈರಿನ ಒಂದು ಹಳ್ಳಿ: ಸಾಲದಲ್ಲಿ ಮುಳುಗಿದ ಜಮೀನುದಾರನ ಮನೆ, ತಂದೆತಾಯಿಗಳ ಹೆಸರು ಹೇಳಲಾಗದ ಹುಡುಗಿಯನ್ನು ಸಾಕಿದ ಸ್ವಾಭಿಮಾನಿ ವೈದ್ಯ, ಕಲ್ಲುಕುಟಿಗನಾಗಿ ತೊಡಗಿ ರೈಲುದಾರಿಗಳ ಗುತ್ತಿಗೆಯಿಂದ ಸಿರಿವಂತನಾಗಿ ಕುಡಿತದಿಂದ ಹಾಳಾದ ಮುದುಕ. ಕಥೆಯ ಹಂದರವನ್ನು ಅಣ್ಣನಿಂದ ಪಡೆದೆನೆಂದು ಟ್ರಾಲಪನು ಹೇಳಿದರೂ ಊರು ತನ್ನದು, ಜನರು ತನ್ನವರು. ಅಲೆಗಳು ಹಡಗನ್ನು ಎತ್ತಿ ಎಸೆಯುತ್ತಿದ್ದಾಗ ಅವನು ಆ ಹಳ್ಳಿಯಲ್ಲಿದ್ದನು.

ಈಜಿಪ್ಟಿನಲ್ಲಿ ಆ ಕಾದಂಬರಿ ಮುಗಿಯಿತು. ಮುಂದಿನದು ‘ದಿ ಬರ್ಟ್ರಮ್ಸ್’. ಅಲೆಕ್ಸಾಂಡ್ರಿಯದಲ್ಲಿ ಕೆಲವು ಪುಟ, ಮಾಲ್ಟದಲ್ಲಿ ಕೆಲವು, ಜಿಬ್ರಾಲ್ಟರಿನಲ್ಲಿ, ಗ್ಲಾಸ್ಗೋದಲ್ಲಿ, ಮತ್ತೆ ಕಡಲ ಮೇಲೆ, ಕೊನೆಗೆ ಜಮೈಕದಲ್ಲಿ ಮುಕ್ತಾಯ. ಪ್ರಯಾಣದಲ್ಲಿ ಬರೆದ ಕಾದಂಬರಿಯೆಂದರೆ ಇದಕ್ಕಿಂತ ಬೇರೆ ಬೇಡ. ಈ ಸಾರಿ ಅವನು ಕಂಡ ಸ್ಥಳಗಳನ್ನೂ ಕಥೆಯೊಳಕ್ಕೆ ತಂದನು. ನಾಯಕ ನಾಯಿಕೆಯರು ಸಂಧಿಸುವುದು ಜೆರೂಸಲೇಮಿನಲ್ಲಿ, ಈಜಿಪ್ಟಿನ ಚಿತ್ರಗಳೂ ಬರುತ್ತವೆ. ಅವನು ಆ ಪ್ರವಾಸದಲ್ಲಿಯೇ ಜೆರೂಸಲೇಮನ್ನು ನೋಡಿ ಬಂದಿದ್ದನು, ಬಣ್ಣ ಇನ್ನೂ ಹಸಿಯಾಗಿತ್ತು. ಫಲ ಏನಾಯಿತು? ‘ಡಾಕ್ಟರ್ ಥಾರ್ನ್’ ಅವನ ಪುಸ್ತಕಗಳಲ್ಲಿ ಅತ್ಯಂತ ಜನಪ್ರಿಯವಾದುವುಗಳಲ್ಲಿ ಒಂದಾಯಿತು. ‘ದಿ ಬರ್ಟ್ರಮ್ಸ್’ ಅನ್ನು ಸ್ನೇಹಿತರೂ ಮೆಚ್ಚಿ ಮಾತಾಡಿದುದನ್ನು ಕೇಳಲಿಲ್ಲ, ಅದರ ಒಂದು ಪಾತ್ರವೂ ಓದುಗರ ನೆನಪಿನಲ್ಲಿ ನಿಂತಂತಿಲ್ಲ ಎಂದು ಕರ್ತೃವೇ ಬರೆದನು. ಅವನ ತೀರ್ಪು ಸ್ವಲ್ಪ ಕಠಿನ. ಆ ಕಾದಂಬರಿಯ ಮುರಿದ ಮದುವೆಯ ಕಥೆಯಲ್ಲಿ ಓದುವವನ ಮನಸ್ಸನ್ನು ಹಿಡಿದು ನಿಲ್ಲಿಸುವ ಕಡೆಗಳಿವೆ. ಆದರೆ ಜೆರೂಸಲೇಮಿನ ಅಧ್ಯಾಯಗಳು ಪ್ರವಾಸಿಯ ಟಿಪ್ಪಣಿಗಳಂತೆ ಕಥೆಯಿಂದ ಬೇರೆಯಾಗಿಯೇ ಉಳಿಯುತ್ತವೆ ಎಂಬುದು ನಿಜ. ಕಿಟಕಿಯ ಹೊರಗಿನದು ಒಳಗೆ ಬಂದಿತು, ಆದರೆ ಒಳಗಿನವರೊಡನೆ ಬೆರೆಯಲು ಅದಕ್ಕೆ ಕಾಲ ದೊರೆಯಲಿಲ್ಲ.

ಇದಕ್ಕೆ ವಿರೋಧವಾಗಿ ಕಾಣುವ ಒಂದು ಉದಾಹರಣೆಯನ್ನು ಬಚ್ಚಿಡುವುದು ನ್ಯಾಯವಲ್ಲ. ‘ದಿ ಬರ್ಟ್ರಮ್ಸ್’ ಮುಗಿದ ಆ ವೆಸ್ಟ್ ಇಂಡೀಸ್ ಪ್ರಯಾಣದಲ್ಲಿಯೇ ಅವನು ಆ ದ್ವೀಪಗಳನ್ನು ಕುರಿತ ಪ್ರವಾಸಗ್ರಂಥವನ್ನೂ ಬರೆದನು. ಟಿಪ್ಪಣಿ ಮಾಡಿಕೊಳ್ಳದೆ, ಕಂಡುದನ್ನು ಕಂಡಂತೆ ಬರೆದ ಆ ಪುಸ್ತಕವೇ ಒಟ್ಟಿನಲ್ಲಿ ತನ್ನ ಪುಸ್ತಕಗಳಲ್ಲಿ ಉತ್ತಮವಾದುದೆಂದು ಅವನ ಅಭಿಪ್ರಾಯ. ಈ ಮೆಚ್ಚಿಕೆಯನ್ನು ಇಂದು ಯಾರೂ ಪೂರ್ತಿಯಾಗಿ ಒಪ್ಪಲಿಕ್ಕಿಲ್ಲ, ಅಲ್ಲಿನ ಕರಿಯ ಜನರ ವಿಷಯದಲ್ಲಿ ಅವನು ಆಡಿದ ಮಾತುಗಳಂತೂ ಓದಲು ನಾಚಿಕೆ ತರುತ್ತವೆ. ಆದರೆ ಅದರ ಗದ್ಯದ ಚುರುಕನ್ನು ಅಲ್ಲಗಳೆಯಲಾಗದು. ಹಾಗಾದರೆ ಹಸಿಯ ಬಣ್ಣಕ್ಕೂ ಬೆಲೆಯುಂಟು, ಅದರ ಜಾಗ ಬೇರೆ. ಪ್ರವಾಸಕಥನಕ್ಕೆ ಕಣ್ಣಿನ ಎದುರಿನದೇ ಸಾಮಗ್ರಿ. ಕಾದಂಬರಿಗೆ ಬೇಕಾದುದು ಕಣ್ಣು ಮರೆತು ಮನಸ್ಸು ಇಟ್ಟುಕೊಂಡುದು. ಒಂದಕ್ಕೆ ಕಿಟಕಿಯನ್ನು ತೆರೆದಿಡಬೇಕು, ಇನ್ನೊಂದಕ್ಕೆ ಕಿಟಕಿಯಿದೆಯೆಂಬುದೇ ಮರೆಯಬೇಕು.

ಕನ್ನಡದ ಮಾಸಪತ್ರಿಕೆಗಳಿಗೆ ಬರುವ ಪ್ರಯಾಣದ ಕವಿತೆಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ಬಡತನದ ಕಾರಣ ತಿಳಿಯುತ್ತದೆ. ಓಡುವ ಮರಗಳು, ಹಿಂದೆ ಸರಿವ ತಂತಿಕಂಬಗಳು, ನಿಲ್ದಾಣದ ಚಹದವನ ಕೂಗು ಇವಿಷ್ಟೂ ಸಾಲಾಗಿ ಬರುತ್ತವೆ, ಕೊನೆಯಲ್ಲಿ ಬಾಳೂ ಒಂದು ಪಯಣವೆಂಬ ವೇದಾಂತ. ಕಂಡುದನ್ನು ಕಂಡ ಗಳಿಗೆಯಲ್ಲಿಯೇ ಖರ್ಚು ಮಾಡಿದುದರ ಪರಿಣಾಮ ಇದು. ಇದಕ್ಕೆ ಎದುರಾಗಿ ವಿ. ಕೃ. ಗೋಕಾಕರ ‘ಸಮುದ್ರಗೀತೆಗಳು’ ಎಂಬ ಸಂಕಲನವನ್ನು ಇಡಬಹುದು. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಮರಳಿದುದು 1938ರಲ್ಲಿ, ಸಂಕಲನ ಅಚ್ಚಾದುದು 1940ರಲ್ಲಿ. ಅಲ್ಲಿ ಕಡಲು ದೃಶ್ಯವಾಗಿ ಮಾತ್ರ ಉಳಿಯದೆ, ಹಳೆಯ ಮಟ್ಟುಗಳಲ್ಲಿ ಅಡಗದ ಹೊಸ ಲಯವೊಂದನ್ನು ಕೇಳಿ ಪಡೆಯುತ್ತದೆ. ಕನ್ನಡದಲ್ಲಿ ಮುಕ್ತಛಂದಸ್ಸಿನ ಕಥೆಯನ್ನು ಹೇಳುವವರು ಆ ಸಂಕಲನವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಡಲಯಾನ ಆ ಕವಿಗೆ ಕೊಟ್ಟುದು ವಸ್ತುವಿಗಿಂತ ಹೆಚ್ಚಾಗಿ ಒಂದು ಉಸಿರಾಟದ ಕ್ರಮ. ಇನ್ನು ಹಗಲುಗನಸಿಗೆ ಕಟ್ಟಳೆಯೇ ಬೇಡವೆನ್ನುವ ಒಂದು ಪ್ರಕಾರವೂ ಉಂಟು, ಅದು ಲಲಿತ ಪ್ರಬಂಧ. ಎ. ಎನ್. ಮೂರ್ತಿರಾಯರು 1937ರಲ್ಲಿ ತಮ್ಮ ಪ್ರಬಂಧಗಳಿಗೆ ‘ಹಗಲುಗನಸುಗಳು’ ಎಂದೇ ಹೆಸರಿಟ್ಟರು. ಪ್ರಬಂಧಕಾರನು ಟ್ರಾಲಪನಂತೆ ತನ್ನನ್ನು ಹೊರಗೆ ಕಳುಹಿಸಬೇಕಾಗಿಲ್ಲ, ತನ್ನನ್ನು ನೋಡಿ ತಾನೇ ನಗುವಷ್ಟು ದೂರ ಸರಿದು ನಿಂತರೆ ಸಾಕು. ಅದೂ ಸುಲಭವಲ್ಲವೆಂಬುದಕ್ಕೆ ಮೂರ್ತಿರಾಯರನ್ನು ಅನುಕರಿಸಿದವರ ಪ್ರಬಂಧಗಳೇ ಸಾಕ್ಷಿ.

ರವೀಂದ್ರನಾಥರ ಸಂಗತಿಯೂ ಇಲ್ಲಿ ನೆನಪಿಗೆ ಬರುತ್ತದೆ. 1912ರ ಮಾರ್ಚಿಯಲ್ಲಿ ಇಂಗ್ಲೆಂಡಿಗೆ ಹೊರಡಬೇಕಾಗಿದ್ದವರು ಕಾಯಿಲೆಯಿಂದ ನಿಂತು, ಪದ್ಮಾನದಿಯ ದಂಡೆಯ ಶಿಲೈದಹಕ್ಕೆ ವಿಶ್ರಾಂತಿಗಾಗಿ ಹೋದರು. ಹೊಸದಾಗಿ ಬರೆಯಲು ತ್ರಾಣವಿರಲಿಲ್ಲ, ಸುಮ್ಮನೆ ಕುಳಿತಿರಲು ಮನಸ್ಸಿರಲಿಲ್ಲ. ಹಿಂದೆ ತಾವು ಬರೆದ ಹಾಡುಗಳನ್ನೇ ಮತ್ತೊಮ್ಮೆ ಅನುಭವಿಸುವ ಆಸೆಯಿಂದ ಇಂಗ್ಲಿಷಿಗೆ ತರತೊಡಗಿದರು. ಒಂದು ಚಿಕ್ಕ ಪುಸ್ತಕ ತುಂಬಿತು. ಆಮೇಲೆ ಹೊರಟ ಹಡಗಿನಲ್ಲಿಯೂ ಅದೇ ಕೆಲಸ ಮುಂದುವರಿಯಿತು. ‘ಗೀತಾಂಜಲಿ’ಯ ಇಂಗ್ಲಿಷ್ ರೂಪ ಹೀಗೆ ಸಿದ್ಧವಾಯಿತು. ಮಗ ರಥೀಂದ್ರನಾಥರು ಹಸ್ತಪ್ರತಿಯಿದ್ದ ಕೈಪೆಟ್ಟಿಗೆಯನ್ನು ಲಂಡನ್ನಿನ ನೆಲದಡಿಯ ರೈಲಿನಲ್ಲಿ ಮರೆತು, ಮರುದಿನ ಕಳೆದ ಸಾಮಾನುಗಳ ಕಚೇರಿಯಲ್ಲಿ ಪಡೆದರೆಂಬುದು ಬೇರೆ ಕಥೆ. ಇಲ್ಲಿ ಗಮನಿಸತಕ್ಕುದು ಆ ಬಿಡುವಿನ ಸ್ವರೂಪ. ಏನನ್ನೂ ಸಾಧಿಸಬೇಕೆಂಬ ಹಟವಿರಲಿಲ್ಲ, ಹಿಂದಿನ ಕನಸಿಗೆ ಹಿಂದಿರುಗುವುದಷ್ಟೇ ಇತ್ತು.

ಅಂತಹ ಬಿಡುವು ಈಗ ಪ್ರಯಾಣಿಕನಿಗೆ ಉಳಿದಿದೆಯೆ ಎಂಬುದು ತರುಣರ ಅಳಲಿಗಿಂತ ದೊಡ್ಡ ಅಳಲು. ಬಸ್ಸನ್ನು ಹತ್ತಿದವನು ಕುಳಿತೊಡನೆಯೇ ಕಿಸೆಯಿಂದ ಮೊಬೈಲನ್ನು ತೆಗೆಯುತ್ತಾನೆ. ಇಳಿಯುವ ಊರು ಬರುವವರೆಗೆ ಅವನ ಬೆರಳು ಆ ಗಾಜಿನ ಮೇಲೆ ಸರಿಯುತ್ತಲೇ ಇರುತ್ತದೆ. ಅವನೇನೂ ಕೆಟ್ಟುದನ್ನು ನೋಡುತ್ತಿದ್ದಾನೆಂದು ಹೇಳುವಂತಿಲ್ಲ, ಒಳ್ಳೆಯ ಕವಿತೆಯನ್ನೇ ಓದುತ್ತಿರಬಹುದು. ಟ್ರಾಲಪನೂ ಮೊದಲು ಗಾಡಿಯಲ್ಲಿ ಓದುತ್ತಲೇ ಇದ್ದನು. ಆದರೆ ಇತರರ ಕನಸುಗಳು ಒಂದರ ಹಿಂದೊಂದು ಬಂದು ಕುಳಿತರೆ ತನ್ನದಕ್ಕೆ ಆಸನವಿಲ್ಲ. ಬರೆಯಲು ಹೊತ್ತಿಲ್ಲವೆಂದು ಕೊರಗುವ ತರುಣನಿಗೆ ನಿಜವಾಗಿ ಕಳೆದಿರುವುದು ಬರೆಯುವ ಹೊತ್ತೋ, ಬರೆಯುವುದಕ್ಕೆ ಮುಂಚಿನ ಹೊತ್ತೋ ಎಂದು ವಿಚಾರಿಸಬೇಕಾಗಿದೆ.

ಈ ಮುಂಚಿನ ಹೊತ್ತನ್ನು ಕಳೆದುಕೊಳ್ಳಲು ಮೊಬೈಲೇ ಬೇಕೆಂದಿಲ್ಲ, ದುಡಿಮೆಯ ಹುರುಪಿನಿಂದಲೂ ಕಳೆದುಕೊಳ್ಳಬಹುದು. ಟ್ರಾಲಪನ ನಿಜವಾದ ದೋಷ ಇದು. ಅಂದಿನ ರಸಿಕರು ಹಳಿದಂತೆ ಗಡಿಯಾರ ಇಟ್ಟುಕೊಂಡುದು ತಪ್ಪಲ್ಲ. ಬಾರ್ಸೆಟ್‌ಶೈರಿನ ಕಥೆಗಳನ್ನು ಅದೇ ಗಡಿಯಾರದ ಎದುರಿಗೆ ಬರೆದನು, ಅವು ಕೆಡಲಿಲ್ಲ. ಕೆಟ್ಟುದು ಗಡಿಯಾರವು ಕನಸಿನ ಹೊತ್ತಿಗೂ ಕೈಹಾಕಿದಾಗ. ‘ಡಾಕ್ಟರ್ ಥಾರ್ನ್’ ಮುಗಿಸಿದಾಗ ಅವನ ಮುಂದೆ ಈಜಿಪ್ಟಿನಿಂದ ಇಂಗ್ಲೆಂಡಿನವರೆಗಿನ ದಾರಿಯಿತ್ತು, ಎಡೆಯಲ್ಲಿ ಮಾಲ್ಟ, ಜಿಬ್ರಾಲ್ಟರುಗಳಿದ್ದುವು. ಹೊಸ ಜನ, ಹೊಸ ಊರು ಮನಸ್ಸಿನಲ್ಲಿ ಮುಳುಗಿ ತಳ ಸೇರಲು ಬೇಕಾದಷ್ಟು ಹಡಗಿನ ದಿನಗಳು. ಹಲಗೆಯನ್ನು ಪೆಟ್ಟಿಗೆಯ ಅಡಿಯಲ್ಲಿಟ್ಟು ಅಷ್ಟು ದಿನ ಸುಮ್ಮನೆ ಕುಳಿತಿದ್ದರೆ ಜೆರೂಸಲೇಮೂ ಒಂದು ದಿನ ಬಾರ್ಚೆಸ್ಟರಿನಂತೆ ಅವನದೇ ಊರಾಗುತ್ತಿತ್ತೋ ಏನೋ. ಅವನು ಅಷ್ಟು ತಡೆಯಲಿಲ್ಲ. ಒಂದು ದಿನ ‘ಡಾಕ್ಟರ್ ಥಾರ್ನ್’ ಮುಗಿಯಿತು, ಮರುದಿನವೇ ‘ದಿ ಬರ್ಟ್ರಮ್ಸ್’ನ ಮೊದಲ ಪುಟ ತೊಡಗಿತು.